ಅಂಗಳದ ನೀರು ಗಟಾರ ಸೇರಿದ್ದು ಹೇಗೆ?

ಅರ್ಧ ತಾಸು ಜೋರು ಮಳೆಯಾದರೆ ಸಾಕು, ಹುಬ್ಬಳ್ಳಿಯ ಕಮರಿಪೇಟೆಯಂಥ ಹಳೆಯ ಪೇಟೆಗಳಲ್ಲಿ ಓಣಿಯೇ ಹಳ್ಳವಾಗುತ್ತದೆ. ಮಳೆ ನಿಂತ ಮೇಲೆ ಅದೇ ಓಣಿಯವರು ಕೇಳುವ ಮಾತು: "ನಳ ಯಾವಾಗ ಬರ್ತದರೀ?" ಈ ಎರಡಕ್ಕೂ ಮೂಲ ಒಂದೇ.

ಹಳೆಯ ಮನೆಗಳಿಗೆ ಹಿತ್ತಲಿತ್ತು, ಅನುಕೂಲ ಇದ್ದವರಿಗೆ ಬಾವಿಯೂ ಇತ್ತು. ಮಾಳಿಗೆಯ ನೀರು ಮಣ್ಣಿನ ಅಂಗಳಕ್ಕೆ ಬೀಳುತ್ತಿತ್ತು, ಬಚ್ಚಲ ನೀರು ಬಾಳೆಗಿಡಕ್ಕೆ ಹೋಗುತ್ತಿತ್ತು. ಪರಿಸರ ಕಾಳಜಿ ಅಂತ ಯಾರೂ ಹಾಗೆ ಮಾಡಲಿಲ್ಲ. ಬಾವಿ ಬತ್ತಿದರೆ ಬದುಕು ಕಷ್ಟ, ಅಷ್ಟೇ.

1880ರ ದಶಕದಲ್ಲಿ ರೈಲು ಬಂತು, ಹತ್ತಿಯ ವ್ಯಾಪಾರ ಬೆಳೆಯಿತು, ಮಂದಿ ಹೆಚ್ಚಾದರು. ಉಣಕಲ್ ಕೆರೆ ಸಾಲದಾಯಿತು. 1955ರಲ್ಲಿ ಬೇಡ್ತಿ ಹೊಳೆಗೆ ನೀರಸಾಗರ ಕಟ್ಟಿದರು, ಮುಂದೆ ಮಲಪ್ರಭೆಯ ನೀರೂ ಬಂತು. ನೀರು ದೂರದಿಂದ ಬರತೊಡಗಿದಾಗ ಮನೆಯ ಬಾವಿ ಕಸದ ಗುಂಡಿಯಾಯಿತು, ಹಿತ್ತಲಲ್ಲಿ ಇನ್ನೊಂದು ಖೋಲಿ ಎದ್ದಿತು, ಉಳಿದ ಅಂಗಳಕ್ಕೆ ಫರಸಿ, ಆಮೇಲೆ ಸಿಮೆಂಟು. ಮಳೆನೀರು ಹೊರಗೆ ಹಾಕಬೇಕಾದ ಕಸವಾಯಿತು. ನಳ ಬಂದದ್ದು ತಪ್ಪಲ್ಲ. ಬಾವಿಗೆ ಬೆನ್ನು ತಿರುಗಿಸಿದ್ದು ತಪ್ಪು.

ನೀರಸಾಗರವೂ ನಂಬಿಗಸ್ತನಲ್ಲ. 2017ರ ಬರದಲ್ಲಿ ಬತ್ತಿತು. 2019ರ ಆಗಸ್ಟಿನಲ್ಲಿ ಕೋಡಿ ಬಿತ್ತು.

ಲೆಕ್ಕ ಹಾಕಿ ನೋಡಿ. 30x40 ಅಡಿ ಜಾಗದ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2,800 ಲೀಟರ್. ಹದಿನೈದು ಲೀಟರಿನ ಕೊಡ ಹಿಡಿದರೆ 180ಕ್ಕೂ ಹೆಚ್ಚು ಕೊಡ! ಸಿಮೆಂಟಿನ ಅಂಗಳದಿಂದ ಇದರಲ್ಲಿ ಬಹುಪಾಲು ಗಟಾರಕ್ಕೆ ಹೋಗುತ್ತದೆ, ಅಲ್ಲಿಂದ ತಗ್ಗಿನ ಮನೆಯ ಹೊಸ್ತಿಲಿಗೆ.

ಇಷ್ಟೆಲ್ಲ ಹೇಳಿದ್ದು ಪೇಟೆಯವರನ್ನು ಆಡಿಕೊಳ್ಳಲಿಕ್ಕಲ್ಲ. ನಮ್ಮ ಹಳ್ಳಿಗಳ ಅಂಗಳಕ್ಕೂ ಈಗ ಕಾಂಕ್ರೀಟು ಬರುತ್ತಿದೆ. ಹಾಕಿಸುವುದೇ ಆದರೆ ಓಡಾಡುವಷ್ಟಕ್ಕೆ ಹಾಕಿಸಿ, ಉಳಿದದ್ದು ಮಣ್ಣಾಗಿರಲಿ. ಇಳಿಜಾರು ಗಿಡದ ಕಡೆಗಿರಲಿ. ಇಂಗುಗುಂಡಿ ತೋಡುವುದಿದ್ದರೆ ಗೋಡೆಯಿಂದ ಹತ್ತಡಿಯಾದರೂ ದೂರ ತೋಡಿ. ನಮ್ಮದು ಎರೆಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಬುನಾದಿ ಬಿರುಕು ಬಿಡುತ್ತದೆ. ಉಬ್ಬಿದ ಮೇಲೆ ನೀರು ಬೇಗ ಇಂಗುವುದೂ ಇಲ್ಲ. ಹಳೆಯ ಬಾವಿ ಉಳಿದಿದ್ದರೆ ಅದನ್ನು ಮುಚ್ಚಬೇಡಿ. ಹೂಳು ತೆಗೆಸಿ, ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಟ್ಟು, ಆಮೇಲಿನ ಮಾಳಿಗೆ ನೀರನ್ನು ಉಸುಕು, ಜಲ್ಲಿಯಲ್ಲಿ ಸೋಸಿ ಅದಕ್ಕೆ ಬಿಡಿ.