ಆಯಿಲ್ ಮೀಟರಿನ ಮುಳ್ಳು ಇಳದಾಗ

ನಮ್ಮ ಮನ್ಯಾಗ ಗ್ವಾಡಿ ಗಡಿಯಾರದ ಮುಳ್ಳಿಗಿಂತ ಹೆಚ್ಚು ಕಾಳಜಿ ಮಾಡಿದ ಮುಳ್ಳಂದ್ರ ಲಾರಿಯ ಆಯಿಲ್ ಮೀಟರಿನದು. ಅಪ್ಪ ಹುಬ್ಬಳ್ಳಿಯಿಂದ ಅಂಕೋಲಾಕ್ಕ ಮೆಣಸಿನಕಾಯಿ, ಜ್ವಾಳ ಹೇರಿಕೊಂಡು ಹೋಗಿ, ಬರುವಾಗ ಉಪ್ಪು, ಹಂಚು ತರತಿದ್ದ. ಅವ್ವನ ಪಾಟ್ಲಿ ಒತ್ತಿ ಇಟ್ಟು ತಗೊಂಡ ಸೆಕೆಂಡ್ ಹ್ಯಾಂಡ್ ಟಾಟಾ 1210 ಅದು. ಅಪ್ಪ ಮನಿಗೆ ಬಂದು ಕಾಲು ತೊಳಕೊಳ್ಳೂದರಾಗ ಅವ್ವ ಕೇಳತಿದ್ಲು, "ಮುಳ್ಳು ಎಷ್ಟಕ್ಕ ನಿಂತಿತ್ತು?"

ಒಂದು ವರ್ಷ ಯುಗಾದಿ ಮುಂದ ಆ ಮುಳ್ಳು ಇಳಿಯಾಕ ಹತ್ತಿತು. ಮುಂಜಾನೆ ಇಂಜಿನ್ ತಣ್ಣಗಿದ್ದಾಗ ಏನೂ ತಕರಾರಿಲ್ಲ. ಅರಬೈಲ್ ಘಾಟ ಹತ್ತಿ ಯಲ್ಲಾಪುರದಾಗ ಚಹಾಕ್ಕ ನಿಲ್ಲಿಸಿದ್ರ ಮಾತ್ರ, ಐಡಲ್‌ನ್ಯಾಗ ಸೊನ್ನೆ ಹತ್ರ ಮಲಗಿಬಿಡತಿತ್ತು. ಅಪ್ಪ ಸುಲಭದ ದಾರಿ ಹುಡುಕಿದ: "ದಪ್ಪ ಆಯಿಲ್ ಹಾಕಿದ್ರ ಮುಳ್ಳು ತಾನ ಏರತೈತಿ. ಈ ಸೀಜನ್ ಒಂದು ದಾಟಲಿ."

ನಮ್ಮ ಗಾಡಿ ನೋಡತಿದ್ದ ಮಿಸ್ತ್ರಿ ಚಾಚಾ ನಕ್ಕರು. "ಏರತೈತಿ ಸಾವಕಾರ್ರ. ಜ್ವರ ಬಂದವ್ರ ಥರ್ಮಾಮೀಟರ್ ಝಾಡಿಸಿದ್ರ ಅದೂ ಇಳಿತೈತಿ."

ಆ ಮಾತು ನನ್ನ ತಲ್ಯಾಗ ಉಳೀತು. ಆ ಮುಳ್ಳು ನಿಜವಾಗಿ ಅಳಿಯೂದು ಏನನ್ನ? ಇದರ ಉತ್ತರ ಹುಡುಕಿಕೊಂಡು ಹ್ವಾದ್ರ ಲಾರಿಗಿಂತ ಹಿಂದ, ರೈಲಿನ ಕಾಲಕ್ಕ ಹೋಗಬೇಕಾಗತೈತಿ.

ನಮ್ಮಜ್ಜ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ್ಯಾಗ ಇದ್ದವ. ಹಳೇ ಡಬ್ಬಿಗಳ ಗಾಲಿಯ ಅಚ್ಚಿನ ಮ್ಯಾಲೆ ಒಂದು ಅರ್ಧ ಬೇರಿಂಗು ಕೂತಿರತಿತ್ತು, ಕೆಳಗ ಎಣ್ಣ್ಯಾಗ ನೆನಸಿದ ನೂಲು ತುರುಕಿರತಿದ್ರು ಅಂತ ಅಂವ ಹೇಳತಿದ್ದ. ಎಣ್ಣಿ ಒಣಗಿದ್ರ ಅಚ್ಚು ಕಾದು ಕೆಂಪಾಗೂದು. ಎಣ್ಣಿ ಹಚ್ಚಿದ್ರ ಜಾರತೈತಿ ಅನ್ನೂದು ಎತ್ತಿನ ಗಾಡಿಯವ್ರಿಗೂ ಗೊತ್ತಿತ್ತು. ಯಾಕ ಜಾರತೈತಿ ಅನ್ನೂದು ಮಾತ್ರ ಬಹಳ ದಿನ ಯಾರಿಗೂ ಗೊತ್ತಿರಲಿಲ್ಲ.

ಅದು ಬೈಲಿಗೆ ಬಂದದ್ದು 1883ರ ಸುಮಾರಿಗೆ, ಇಂಗ್ಲೆಂಡಿನಾಗ. ಬೋಶಾಂ ಟವರ್ ಅನ್ನೋ ಇಂಜಿನಿಯರ್ ಅಲ್ಲಿನ ಮೆಕ್ಯಾನಿಕಲ್ ಇಂಜಿನಿಯರರ ಸಂಸ್ಥೆಗಾಗಿ ಬೇರಿಂಗಿನ ಘರ್ಷಣೆ ಅಳೀತಿದ್ದ. 4 ಇಂಚು ದಪ್ಪದ ಅಚ್ಚು, ಮ್ಯಾಲೆ ರೈಲಿನಂಗ ಅರ್ಧ ಬೇರಿಂಗು, ಕೆಳಗ ಎಣ್ಣಿಯ ತೊಟ್ಟಿ. ಎಣ್ಣಿ ಬಿಡಲಿಕ್ಕೆ ಅಂತ ಬೇರಿಂಗಿನ ನೆತ್ತಿಗೆ ಒಂದು ತೂತು ಕೊರೆಸಿದ. ಅಚ್ಚು ತಿರುಗಿಸಿದ್ರ, ಒಳಗ ಹೋಗಬೇಕಾದ ಎಣ್ಣಿ ಆ ತೂತಿನಿಂದ ಹೊರಗ ಉಕ್ಕಿ ಬಂತು! ಬೂಚು ಬಡಿದ್ರು, ಹೊರಗ ಬಂತು. ಕಟ್ಟಿಗಿ ಬೆಣಿ ಬಡಿದ್ರು, ಅದೂ ಹೊರಗ ಬಂತು. ಕಡೀಕ ಅಲ್ಲೊಂದು ಒತ್ತಡದ ಮೀಟರ್ ಕೂಡಿಸಿದ್ರು. ಬೇರಿಂಗಿನ ಮ್ಯಾಲಿನ ಸರಾಸರಿ ಭಾರ ಚದರ ಇಂಚಿಗೆ 100 ಪೌಂಡ್ ಇದ್ರ, ಮೀಟರಿನ ಮುಳ್ಳು 200 ದಾಟಿತ್ತು.

ಅಂದ್ರ ಬೇರಿಂಗು ಅಚ್ಚಿನ ಲೋಹದ ಮ್ಯಾಲೆ ಕೂತೇ ಇರಲಿಲ್ಲ, ಎಣ್ಣಿಯ ಪದರಿನ ಮ್ಯಾಲೆ ತೇಲತಿತ್ತು. 1886ರಾಗ ಆಸ್ಬಾರ್ನ್ ರೆನಾಲ್ಡ್ಸ್ ಇದಕ್ಕ ಗಣಿತ ಕೊಟ್ಟ. ಅಚ್ಚು ಬೇರಿಂಗಿನ ನಟ್ಟನಡುವ ಇರೂದಿಲ್ಲ, ಒಂದು ಮಗ್ಗಲಿಗೆ ಸರದಿರತೈತಿ. ತಿರುಗುವಾಗ ಎಣ್ಣಿಯನ್ನ ಅಗಲ ಸಂದಿಯಿಂದ ಕಿರಿದು ಸಂದಿಗೆ ಎಳಕೊಂಡು ಹೋಗತೈತಿ. ಆ ಇಕ್ಕಟ್ಟಿನಾಗ ಹುಟ್ಟಿದ ಒತ್ತಡ ಭಾರಾನ್ನ ಎತ್ತಿ ಹಿಡಿತೈತಿ.

ಹಂಗಾರ ಪಂಪ್ ಯಾಕ ಬೇಕು ಅಂತೀರಿ? ತೇಲಿಸಲಿಕ್ಕೆ ಅಲ್ಲ, ತೇಲಲಿಕ್ಕೆ ಬೇಕಾದ ಎಣ್ಣಿ ಬಾಗಿಲಿನ ತನಕ ಮುಟ್ಟಿಸಲಿಕ್ಕೆ. 1890ರಾಗ ಬರ್ಮಿಂಗ್‌ಹ್ಯಾಮಿನ ಬೆಲಿಸ್ ಆ್ಯಂಡ್ ಮಾರ್ಕಮ್ ಕಂಪನಿ ತನ್ನ ಉಗಿ ಇಂಜಿನ್ನಿಗೆ ಪಂಪಿನಿಂದ ಎಣ್ಣಿ ಒತ್ತಿ ಕಳಿಸೋ ಪದ್ಧತಿಗೆ ಪೇಟೆಂಟ್ ತಗೊಂತು. ಮುಳ್ಳು ತಿರುಗಿಸೋ ಬಾಗಿದ ಹಿತ್ತಾಳಿ ನಳಿಗಿ ಅದಕ್ಕೂ ಹಿಂದಿನದು, 1849ರಾಗ ಪ್ಯಾರಿಸಿನ ಯೂಜೀನ್ ಬೋರ್ಡಾನ್ ಪೇಟೆಂಟ್ ಮಾಡಿಸಿದ್ದು. ಆದ್ರ ಈ ಎರಡೂ ಎಲ್ಲಾ ಮೋಟಾರಿಗೆ ಒಮ್ಮೆಲೇ ಬರಲಿಲ್ಲ. 1908ರಿಂದ 1927ರ ತನಕ ತಯಾರಾದ ಫೋರ್ಡ್ ಮಾಡೆಲ್ ಟಿ ಗಾಡಿಗೆ ಆಯಿಲ್ ಪಂಪೂ ಇರಲಿಲ್ಲ, ಆಯಿಲ್ ಮೀಟರೂ ಇರಲಿಲ್ಲ. ಒಳಗ ತಿರುಗೋ ಭಾಗಗಳೇ ಎಣ್ಣಿ ಚಿಮ್ಮಿಸಿಕೊಂಡು ಬದುಕತಿದ್ವು. ಭಾರ ಹೊರೋ ಡೀಸೆಲ್ ಇಂಜಿನ್ನಿಗೆ ಅಷ್ಟು ಸಾಲೂದಿಲ್ಲ.

ನಮ್ಮ ದೇಶದಾಗೂ ಈ ಕಥಿ ರೈಲಿನಿಂದನ ಲಾರಿಗೆ ಬಂತು ನೋಡ್ರಿ. 1945ರಾಗ ಶುರುವಾದ ಟೆಲ್ಕೋ ಜಮ್ಶೆಡ್‌ಪುರದಾಗ ಮೊದಲು ಮಾಡಿದ್ದು ರೈಲ್ವೆ ಇಂಜಿನ್. 1954ರಾಗ ಜರ್ಮನಿಯ ಡೈಮ್ಲರ್-ಬೆಂಝ್ ಜೋಡಿ 15 ವರ್ಷದ ಒಪ್ಪಂದ ಆಗಿ ಲಾರಿ ತಯಾರಾದ್ವು. 1969ಕ್ಕ ಒಪ್ಪಂದ ಮುಗದು ಮೂರು ಮೂಲಿ ನಕ್ಷತ್ರ ಹೋಗಿ ಟಾಟಾ ಗುರುತು ಬಂತು. ಇಂಜಿನ್ನಿನ ವಂಶ ಮಾತ್ರ ಮುಂದುವರೀತು. ನಮ್ಮ ಗಾಡಿಯ 692 ಇಂಜಿನ್ನಿನ ಹೆಸರಿನ್ಯಾಗ ಅದರ ಜಾತಕ ಐತಿ: 6 ಸಿಲಿಂಡರ್, ಒಂದೊಂದು 92 ಮಿಲಿಮೀಟರ್ ಅಗಲ.

ಈಗ ಮುಳ್ಳಿನ ಮಾತಿಗೆ ಬರೂಣು. ಪಂಪ್ ಎಣ್ಣಿ ದೂಡತೈತಿ, ಬೇರಿಂಗಿನ ಸಣ್ಣ ಸಂದಿ ಅದನ್ನ ತಡೀತೈತಿ. ಆ ತಡಿಯೇ ಮೀಟರಿನ ಒತ್ತಡ. ಸಂದಿ ಇರೂದು ಹೆಚ್ಚುಕಡಿಮಿ ಒಂದು ತಲಿಗೂದಲಿನಷ್ಟು. ರೆನಾಲ್ಡ್ಸನ ಲೆಕ್ಕದಿಂದ ಬರೋ ಮಾತಂದ್ರ, ಸಂದಿ ಎರಡು ಪಟ್ಟಾದ್ರ ಸೋರೂದು ಎಂಟು ಪಟ್ಟು ಆಗತೈತಿ. ಕಾದ ಎಣ್ಣಿ ತಿಳಿಯಾಗತೈತಿ, ಐಡಲ್‌ನ್ಯಾಗ ಪಂಪೂ ನಿಧಾನ. ಅದಕ್ಕ ನಮ್ಮ ಮುಳ್ಳು ಯಲ್ಲಾಪುರದಾಗ ಮಲಗತಿತ್ತು. ದಪ್ಪ ಎಣ್ಣಿ ಹಾಕಿದ್ರ ಸೋರೂದು ಕಡಿಮಿ ಆಗಿ ಮುಳ್ಳು ಏರತೈತಿ, ಖರೆ. ಸವದ ಬೇರಿಂಗು ಸವದೇ ಇರತೈತಿ. ಮ್ಯಾಲೆ ಮುಂಜಾನೆ ತಂಪಿನ್ಯಾಗ ಆ ದಪ್ಪ ಎಣ್ಣಿ ಮೂಲಿ ಬೇರಿಂಗಿಗೆ ಮುಟ್ಟೂದೂ ತಡ.

ಚಾಚಾ ಈ ಪುಸ್ತಕ ಓದಿದವ್ರಲ್ಲ, ಆದ್ರ ಅವರ ಕೈಗೆ ಎಲ್ಲಾ ಗೊತ್ತಿತ್ತು. ಮೊದಲು ಗೇಜ್ ಕಡ್ಡಿ ಎಳದು ಆಯಿಲ್ ಎಷ್ಟೈತಿ ನೋಡಿದ್ರು, ಮೂಸಿ ಡೀಸೆಲ್ ಬೆರತೈತೇನು ನೋಡಿದ್ರು. ಆಮ್ಯಾಲೆ ಬ್ಯಾರೆ ಮೀಟರ್ ಕೂಡಿಸಿದ್ರು, ಯಾಕಂದ್ರ ಮೀಟರೂ ಸುಳ್ಳು ಹೇಳತೈತಿ. ಅದರಾಗೂ ಅಷ್ಟೇ ಬಂತು. ಪ್ರೆಶರ್ ವಾಲ್ವ್ ಬಿಚ್ಚಿ, ಹೊಲಸು ಸಿಕ್ಕು ತೆರದೇ ನಿಂತೈತೇನು, ಸ್ಪ್ರಿಂಗ್ ಸೋತೈತೇನು ನೋಡಿದ್ರು. ಚೇಂಬರ್ ಇಳಿಸಿ ಜಾಳಿಗಿ ತೊಳದ್ರು, ಪಂಪಿನ ಗಿಯರ್ ಸವದಾವೇನು ತಪಾಸ ಮಾಡಿದ್ರು. ಎಲ್ಲಾ ಸರಿ. ಕಡೀಕ ಬೇರಿಂಗು ಬಿಚ್ಚಿದ್ರ, ಬೂದಿ ಬಣ್ಣ ಹೋಗಿ ತಾಮ್ರ ಕಾಣತಿತ್ತು.

ತಪ್ಪು ಗಾಡಿದಲ್ಲ, ನಮ್ಮದು. ಎರಡು ಸೀಜನ್ ಆಯಿಲ್ ಬದಲಿ ಮಾಡದ, ಕಡಿಮಿ ಆದಾಗೊಮ್ಮೆ ಮ್ಯಾಲೆ ಸುರುವಿ ರೊಕ್ಕ ಉಳಿಸಿದ್ವಿ.

ಕ್ರ್ಯಾಂಕ್ ಲೇತಿಗೆ ಕಳಿಸಬೇಕು, ಬೇರಿಂಗ್ ಹೊಸಾವು ಬೇಕು. ಬಿಡಿಸಿಕೊಂಡು ಬಂದ ಪಾಟ್ಲಿ ಮತ್ತ ಸಾವಕಾರನ ಮನಿಗೆ ಹೋಗಬೇಕು. ಅಪ್ಪ ತಲಿ ಎತ್ತಲಿಲ್ಲ. ಅವ್ವ ತಾನ ಕೈಯಾನ ಪಾಟ್ಲಿ ಕಳಚಿದ್ಲು. "ಇವನ್ನ ಮತ್ತ ಬಿಡಿಸಬಹುದ್ರಿ. ಘಾಟಿನ್ಯಾಗ ತುಂಬಿದ ಗಾಡಿ ಇಂಜಿನ್ ಹಿಡಕೊಂಡು ನಿಂತ್ರ ನಿಮ್ಮನ್ನ ಎಲ್ಲಿಂದ ಬಿಡಿಸಲಿ?"

ಕ್ರ್ಯಾಂಕ್ 0.25 ಮಿಲಿಮೀಟರ್ ಹೆರದು ಬಂತು, ಅದಕ್ಕ ತಕ್ಕ ಅಂಡರ್‌ಸೈಜ್ ಬೇರಿಂಗ್ ಕೂತ್ವು. ಮೊದಲನೇ ಸಲ ಚಾಲೂ ಮಾಡುವಾಗ ಚಾಚಾ ಡೀಸೆಲ್ ಬಂದ್ ಮಾಡಿ ಬರೇ ಸೆಲ್ಫ್ ಹೊಡಿಸಿದ್ರು. ಮುಳ್ಳು ಏಳೂ ತನಕ ಇಂಜಿನ್ ಹತ್ತಲಿಕ್ಕೆ ಬಿಡಲಿಲ್ಲ. ಅದು ಎದ್ದಾಗ ಅಪ್ಪ ಏನೂ ಮಾತಾಡಲಿಲ್ಲ.

ಆ ವರ್ಷದಿಂದ ನಮ್ಮ ಅಡಗಿಮನಿ ಕ್ಯಾಲೆಂಡರಿನ್ಯಾಗ ಹಾಲಿನ ಲೆಕ್ಕದ ಬಾಜೂಕ ಆಯಿಲ್ ಬದಲಿ ಮಾಡೋ ತಾರೀಖೂ ಬಂತು. ಬರೀತಿದ್ದಾಕಿ ಅವ್ವ. ಪಾಟ್ಲಿ ಬಿಡಿಸಿಕೊಂಡು ಬರಲಿಕ್ಕೆ ಎರಡು ವರ್ಷ ಹಿಡೀತು. ಅಷ್ಟರಾಗ ಒಂದು ತಾರೀಖೂ ತಪ್ಪಲಿಲ್ಲ.