ಯುದ್ಧಕ್ಕೆ ಹುಟ್ಟಿದ ಜೀಪು, ಹುನಗುಂದದಲ್ಲಿ ಮಾರಾಟಕ್ಕೆ

ಕಿವೀಲಿ ಇಯರ್‌ಫೋನ್ ಇದೆಯಲ್ಲ? ಹಾಗಾದ್ರೆ ಇವತ್ತು ಬಾಗಲಕೋಟೆ ಜಿಲ್ಲೆಗೆ ಹೋಗೋಣ. ಇತಿಹಾಸ ಅಂದ ಕೂಡಲೇ ಬಾದಾಮಿ ಗುಹೆ, ಪುಲಿಕೇಶಿ ಅಂದ್ಕೋಬೇಡಿ. ಇವತ್ತಿಂದು ಒಂದು ಹಳೇ ಜೀಪಿನ ಕಥೆ.

ನನ್ನ ಕಾಕಾನ ಮಗ ಇಳಕಲ್ಲಿನಲ್ಲಿ ಸೀರೆ ನೇಯ್ತಾನೆ. ಹುನಗುಂದದ ಕಡೆ ಅವರದು ನಾಲ್ಕೆಕರೆ ಎರೆ ಹೊಲ. ಎರೆ ಮಣ್ಣು ಗೊತ್ತಲ್ಲ, ಒಂದು ಮಳೆ ಬಿದ್ರೆ ಸಾಕು, ಬೈಕಿನ ಗಾಲಿಗೆ ಮೆತ್ತಿಕೊಂಡು ತಿರುಗೋದೇ ಇಲ್ಲ. ಅದಕ್ಕೆ ಅವನಿಗೆ ಫೋರ್ ವೀಲ್ ಜೀಪು ಬೇಕಾಗಿತ್ತು. ಕೈಯಲ್ಲಿ ಎರಡೂವರೆ ಲಕ್ಷ. ಅದರಲ್ಲಿ ಅರ್ಧ ಹೆಂಡತಿಯ ಬಂಗಾರ ಅಡವಿಟ್ಟು ತಂದದ್ದು. ಹೀಗಾಗಿ ನಾನೂ ಹೋದೆ. ನಮ್ಮ ಜೊತೆಗೆ ಮೂವತ್ತು ವರ್ಷದಿಂದ ಜೀಪು ಬಿಚ್ಚಿ ಕಟ್ಟಿದ ಒಬ್ಬ ಮಿಸ್ತ್ರಿ ಕಾಕಾ.

ಜೀಪು ಹುಟ್ಟಿದ್ದು ಅವಸರದಲ್ಲಿ. 1940ರಲ್ಲಿ ಅಮೆರಿಕದ ಸೇನೆ 135 ಕಂಪನಿಗಳಿಗೆ ಪತ್ರ ಬರೆದು, ಒಂದು ಹಗುರ ಫೋರ್ ವೀಲ್ ಗಾಡಿ ಮಾಡಿಕೊಡಿ, ಮಾದರಿಗೆ 49 ದಿನ ಟೈಮು ಅಂದಿತು. ಬ್ಯಾಂಟಮ್ ಅನ್ನೋ ಸಣ್ಣ ಕಂಪನಿ ಸೆಪ್ಟೆಂಬರ್ 23ಕ್ಕೆ ಸರಿಯಾಗಿ ಗಾಡಿ ತಂದು ನಿಲ್ಲಿಸಿತು. ಆದರೆ ದೊಡ್ಡ ಆರ್ಡರ್ ಸಿಕ್ಕಿದ್ದು ವಿಲ್ಲೀಸ್ ಮತ್ತು ಫೋರ್ಡ್‌ಗೆ. ಪಾಪ, ಬ್ಯಾಂಟಮ್ ಹೆಸರು ಇವತ್ತು ಯಾರಿಗೂ ನೆನಪಿಲ್ಲ. ಯುದ್ಧ ಮುಗಿಯೋ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಾಗಿದ್ವು.

ಅದೇ 1945ರಲ್ಲಿ ಮಹೀಂದ್ರ ಸಹೋದರರು ಮತ್ತು ಗುಲಾಂ ಮೊಹಮ್ಮದ್ ಸೇರಿ 'ಮಹೀಂದ್ರ ಅಂಡ್ ಮೊಹಮ್ಮದ್' ಕಂಪನಿ ಕಟ್ಟಿದರು. ದೇಶ ಒಡೆದಾಗ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ 'ಮಹೀಂದ್ರ ಅಂಡ್ ಮಹೀಂದ್ರ' ಆಯಿತು. ವಿಲ್ಲೀಸ್ ಜೀಪು ಮುಂಬೈಯಲ್ಲಿ ಜೋಡಣೆ ಆಗತೊಡಗಿದ ಆ ಕಾಲಕ್ಕೆ ನಮ್ಮ ಬಾಗಲಕೋಟೆಯೂ ವಿಜಾಪುರ ಜಿಲ್ಲೆಯ ಜೊತೆ ಮುಂಬೈ ರಾಜ್ಯದಲ್ಲೇ ಇತ್ತು, 1956ರವರೆಗೆ. ಆಮೇಲೆ ಬಂತು ಬಿಡಿಓ ಸಾಹೇಬರ ಜೀಪು, ಪೊಲೀಸ್ ಜೀಪು, ಇಲೆಕ್ಷನ್ ಮೈಕಿನ ಜೀಪು. ಎಂಬತ್ತರ ದಶಕದಲ್ಲಿ ಡೀಸೆಲ್ ಇಂಜಿನ್‌ನ ಎಂಎಂ 540. ನಾವು ಹುಡುಕ್ತಿದ್ದದ್ದು ಅದನ್ನೇ.

ಮೊದಲ ಗಾಡಿ ಬಾದಾಮಿ ತಾಲೂಕಿನ ಹೊಳೆದಂಡೆಯ ಊರಲ್ಲಿ. ಏನು ಹೊಳಪು ಅಂತೀರಿ! ಹೊಸ ಹಸಿರು ಬಣ್ಣ, ಹೊಸ ಸೀಟು, ದಪ್ಪ ಟೈರು. ತಮ್ಮ ಆಗಲೇ ಸೆಲ್ಫಿ ತಗೊಂಡುಬಿಟ್ಟಿದ್ದ.

ಕಾಕಾ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು. "ತಮ್ಮಾ, ನಾವು ಬರೂದ್ರಾಗ ಗಾಡಿ ಚಾಲೂ ಮಾಡಿ ಇಟ್ಟಾರ" ಅಂದರು. ಹಳೇ ಡೀಸೆಲ್ ಇಂಜಿನ್ನಿನ ಖರೆ ಸ್ವಭಾವ ತಣ್ಣಗಿದ್ದಾಗಲೇ ಗೊತ್ತಾಗೋದು. ಆಮೇಲೆ ಇಂಜಿನ್ ಓಡುವಾಗಲೇ ಆಯಿಲ್ ಹಾಕೋ ಮುಚ್ಚಳ ತೆಗೆದರು. ಅಲ್ಲಿಂದ ಭುಸುಭುಸು ಹೊಗೆ ಬಂದ್ರೆ ಪಿಸ್ಟನ್ ರಿಂಗ್ ಸವೆದಿವೆ ಅಂತ ಅರ್ಥ. ಇಲ್ಲಿ ಅಷ್ಟೇನೂ ಬರಲಿಲ್ಲ. ತಮ್ಮನ ಮುಖ ಅರಳಿತು.

ಕಾಕಾ ಮಾತ್ರ ಚಾಪೆ ಎತ್ತಿದರು, ಸೀಟಿನ ಬೋಲ್ಟು ನೋಡಿದರು, ಡ್ಯಾಶ್‌ಬೋರ್ಡ್ ಕೆಳಗೆ ಬೆರಳು ಹಾಕಿದರು. ಬೆರಳಿಗೆ ಒಣ ರೇವೆ ಮಣ್ಣು ಬಂತು. ಗಾಡಿ ಕೆಳಗೆ ಮಲಗಿ ಹಿಂದಿನ ಹೌಸಿಂಗ್‌ನ ನಟ್ಟು ಸಡಿಲಿಸಿದರು. ಗೇರ್ ಆಯಿಲ್ ಜೇನುತುಪ್ಪದ ಬಣ್ಣಕ್ಕೋ ಕಪ್ಪಗೋ ಇರಬೇಕು. ಬಂದದ್ದು ಹಾಲು ಹಾಕಿದ ಚಹಾ!

ಇದು ಹೇಗಾಗತ್ತೆ ಕೇಳಿ. ಓಡಿ ಓಡಿ ಬಿಸಿಯಾದ ಹೌಸಿಂಗ್ ನೀರಿಗಿಳಿದ ತಕ್ಷಣ ತಣ್ಣಗಾಗತ್ತೆ. ಒಳಗಿನ ಗಾಳಿ ಕುಗ್ಗತ್ತೆ. ಗಾಳಿ ಆಡೋಕೆ ಅಂತ ಮೇಲೊಂದು ಸಣ್ಣ ಬ್ರೀದರ್ ಇರತ್ತೆ. ಅದು ಮಣ್ಣು ಕಟ್ಟಿಕೊಂಡಿದ್ರೆ ಸವೆದ ಸೀಲಿನ ಸಂದಿಯಿಂದ ನೀರನ್ನೇ ಒಳಗೆ ಎಳ್ಕೊಳ್ಳತ್ತೆ. ಬರೀ ನಿಂತಿದ್ದ ಗಾಡಿ ದಿನಗಟ್ಟಲೆ ಮುಳುಗಿದ್ರೂ ಅಷ್ಟೇ. ಆಮೇಲೆ ಬೇರಿಂಗ್, ಹಲ್ಲು ಎಲ್ಲ ತುಕ್ಕು.

"ಹೊಳಿ ಬಂದಾಗ ಗಾಡಿ ಎಲ್ಲಿತ್ರಿ ಅಣ್ಣಾರ?" ಅಂದರು ಕಾಕಾ. ಮಾರೋರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡ ದಿನ ಅಷ್ಟ ನೀರಾಗ ಇತ್ರಿ" ಅಂದರು. 2019ರ ಆಗಸ್ಟ್ ನೆನಪಿದೆಯಾ? ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಸುತ್ತಲೂ ನೀರು ನಿಂತಿದ್ದ ಫೋಟೋ ನೀವೂ ನೋಡಿರ್ತೀರಿ. ಫೋಟೋ ಗುಡಿಗಳದ್ದು ಬಂತು, ದಂಡೆಯ ಮನೆಗಳ ಮುಂದೆ ನಿಂತಿದ್ದ ಗಾಡಿಗಳದ್ದು ಯಾರು ತೆಗೀತಾರೆ? ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮನೇನೂ ಮುಳುಗಿತ್ತಂತೆ. ಚಹಾ ಕುಡಿಸಿಯೇ ಕಳಿಸಿದರು. ಆದರೆ ಅವರ ನಷ್ಟಾನ ತಮ್ಮನ ಹೆಂಡತಿಯ ಬಂಗಾರದಿಂದ ತುಂಬೋಕಾಗಲ್ಲವಲ್ಲ.

ಎರಡನೇ ಗಾಡಿ ಹುನಗುಂದದಲ್ಲಿ. ನೋಡೋಕೆ ದರಿದ್ರ. ಬಣ್ಣ ಹೋಗಿ ತಗಡು ಕಾಣ್ತಿತ್ತು, ಕೆಳಗೆ ಆಯಿಲ್ ಹನಿ. ಕಾಕಾಗೆ ಖುಷಿ: "ಸೋರಾಕತ್ತೈತಿ ಅಂದ್ರ ಒಳಗ ಆಯಿಲ್ ಐತಿ." ಸುತ್ತಿಗೆಯಿಂದ ಚಾಸಿ ಉದ್ದಕ್ಕೂ ಬಡಿದರು. ಗಟ್ಟಿ ಕಬ್ಬಿಣ ಠಣ್ ಅನ್ನತ್ತೆ, ತುಕ್ಕು ತಿಂದದ್ದು ಡಬ್ ಅನ್ನತ್ತೆ. ಮುಂದಿನ ಗಾಲಿ ಜಾಕ್ ಹಾಕಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಸ್ವಲ್ಪ ಆಡಿತು. "ಬ್ರೇಕ್ ಒತ್ತು" ಅಂದರು. ತಮ್ಮ ಒತ್ತಿದ, ಆದರೂ ಆಡಿತು. ಬ್ರೇಕ್ ಒತ್ತಿದಾಗ ನಿಂತಿದ್ರೆ ಅದು ವೀಲ್ ಬೇರಿಂಗ್. ನಿಲ್ಲದಿದ್ರೆ ಕಿಂಗ್‌ಪಿನ್. ಸ್ಪೀಡಿನಲ್ಲಿ ಸ್ಟೇರಿಂಗ್ ದಡದಡ ಕುಣಿಯೋ ರೋಗದ ಒಂದು ಮೂಲ ಇದೇ. ಅದರ ಖರ್ಚು ರೇಟಿನಲ್ಲಿ ಮುರ್ಕೊಂಡೆವು.

ಆಮೇಲೆ ಹೊಲಕ್ಕೆ ಇಳಿಸಿದೆವು. ಫೋರ್ ವೀಲ್ ಹಾಕಿ ಟಾರ್ ರೋಡ್ ಮೇಲೆ ಓಡಿಸಿ ನೋಡಬಾರದು. ಈ ಜೀಪುಗಳಲ್ಲಿ ಮುಂದಿನ ಹಿಂದಿನ ಆಕ್ಸಲ್ ಒಂದೇ ವೇಗಕ್ಕೆ ಕಟ್ಟಿಹೋಗತ್ತೆ, ತಿರುವಿನಲ್ಲಿ ಗೇರುಗಳೇ ಒದ್ದಾಡ್ತವೆ. ಸಡಿಲ ಮಣ್ಣೇ ಬೇಕು. ಲಿವರ್ ಇದ್ದ ಮಾತ್ರಕ್ಕೆ ನಂಬಬೇಡಿ, ಒಳಗಿನ ಸಾಮಾನು ತೆಗೆದಿಟ್ಟ ಗಾಡಿಗಳೂ ಇರ್ತವೆ. ನಾನು ಬಗ್ಗಿ ನೋಡಿದೆ, ಮುಂದಿನ ಶಾಫ್ಟ್ ತಿರುಗ್ತಾ ಇತ್ತು.

ಇಷ್ಟಾದ ಮೇಲೆ ಗಾಡಿ ನಿಂತದ್ದು ಕಾಗದದಲ್ಲಿ! ಚಾಸಿ ನಂಬರ್ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದರೆ ಆರ್‌ಸಿಗೆ ಹೊಂದಿತು. ನಂಬರ್ ನಮ್ಮದೇ ಕೆಎ-29. ಆದರೆ ಎಂಪರಿವಾಹನ್ ಆ್ಯಪಿನಲ್ಲಿ ನೋಡಿದರೆ ಗಾಡಿ ಮೇಲೆ ಸಾಲದ ನಮೂದು ಇನ್ನೂ ಇತ್ತು. ಸಾಲ ಯಾವಾಗಲೋ ತೀರಿತ್ತು, ಹೆಸರು ತೆಗೆಸಿರಲಿಲ್ಲ. ನಮೂನೆ 35 ಸಹಿ ಆಗಿ ಬಂದು, ನಮೂನೆ 29, 30 ಕೊಡೋ ಹೊತ್ತಿಗೆ ಮೂರು ವಾರ. ಅಲ್ಲಿವರೆಗೆ ಕಾಕಾ ದುಡ್ಡು ಬಿಚ್ಚೋಕೆ ಬಿಡಲಿಲ್ಲ.

ಮೊನ್ನೆ ಇಳಕಲ್ಲಿಗೆ ಹೋಗಿದ್ದೆ. ಜೀಪು ಹೊಲ ನೋಡ್ಕೊಂಡು ಬಂದು ಅಂಗಳದಲ್ಲಿ ನಿಂತಿತ್ತು, ಗಾಲಿ ತುಂಬ ಎರೆ ಮಣ್ಣು. ಅಡವಿಟ್ಟ ಬಂಗಾರ ಇನ್ನೂ ಬಿಡಿಸಿಲ್ಲ, ದೀಪಾವಳಿ ಹೊತ್ತಿಗೆ ಅಂತಾನೆ. ಇಳಿಜಾರಿನಲ್ಲಿ ಎರಡನೇ ಗೇರ್ ತಾನಾಗೇ ಬಿಟ್ಟು ಬರತ್ತೆ, ಅದನ್ನು ಅವತ್ತು ನಾವು ಮೂವರೂ ಗಮನಿಸಿರಲೇ ಇಲ್ಲ. ತಮ್ಮ ಲಿವರ್‌ನ ಮೊಣಕಾಲಲ್ಲಿ ಒತ್ತಿ ಹಿಡ್ಕೊಂಡು ಓಡಿಸ್ತಾನೆ.