ಲೂಪ್ ತಂತ್ರಾಂಶ: ಲಯ ಯಾರ ಕೈಯಲ್ಲಿ?

ಶಿಕಾರಿಪುರ, ಸೊರಬದ ಕಡೆಯ ಡೊಳ್ಳಿನ ತಂಡ ಮೆರವಣಿಗೆಯಲ್ಲಿ ಸಾಲಾಗಿ ಹೊರಟಾಗ ಒಂದು ತೊಡಕು ಜೊತೆಗೇ ಹೊರಡುತ್ತದೆ. ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಹಿಡಿಯುತ್ತದೆ. ಸಾಲು ಮೂವತ್ತು ಮೀಟರ್ ಉದ್ದವಿದ್ದರೆ, ಮುಂದಿನವನ ಪೆಟ್ಟು ಕೊನೆಯವನ ಕಿವಿಗೆ ಮುಟ್ಟುವುದು ಸೆಕೆಂಡಿನ ಸುಮಾರು ಹತ್ತನೇ ಒಂದು ಭಾಗದಷ್ಟು ತಡವಾಗಿ. ಕಿವಿಯೊಂದನ್ನೇ ನಂಬಿದರೆ ಲಯ ಜಾರುತ್ತದೆ. ಕೋಲು ಏಳುವುದನ್ನು, ಮೈ ಬಾಗುವುದನ್ನು ನೋಡಿಯೇ ಬಾರಿಸಬೇಕು. ನುಡಿಸಿದ್ದನ್ನು ಆಗಲೇ ಹಿಡಿದು, ಸುತ್ತಿಸುತ್ತ, ಅದರ ಮೇಲೆ ಮತ್ತೆ ನುಡಿಸಲು ಬಿಡುವ ಲೂಪ್ ತಂತ್ರಾಂಶಗಳ ಚರಿತ್ರೆಯೂ ಬಹುಮಟ್ಟಿಗೆ ಈ ತಡವನ್ನು ನಿಭಾಯಿಸಿದ ಚರಿತ್ರೆಯೇ.

ಸುತ್ತಿ ಬರುವ ಸಂಗೀತ ಇಲ್ಲಿಗೆ ಹೊಸತಲ್ಲ. ಸೊರಬದ ಹಳ್ಳಿಗಳಲ್ಲಿ ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಗೆ ಪಂಟಿಗೆಯವರಲ್ಲಿ ಮುಮ್ಮೇಳದವರು ಹಾಡಿದ್ದನ್ನು ಹಿಮ್ಮೇಳದವರು ಎತ್ತಿಕೊಳ್ಳುತ್ತಾರೆ. ಹೊಸದಾಗಿ ಬಂದದ್ದು, ಆ ಹಿಮ್ಮೇಳದ ಕೆಲಸವನ್ನು ಒಬ್ಬಂಟಿ ಕಲಾವಿದನಿಗೆ ಮಾಡಿಕೊಡುವ ಯಂತ್ರ.

1948ರಲ್ಲಿ ಪ್ಯಾರಿಸ್‌ನ ಪಿಯೆರ್ ಶೆಫೇರ್ ಗ್ರಾಮಫೋನ್ ತಟ್ಟೆಯ ಒಂದೇ ಗೆರೆಯನ್ನು ವೃತ್ತವಾಗಿ ಮುಚ್ಚಿ, ಶಬ್ದ ಅಲ್ಲೇ ಸುತ್ತುವಂತೆ ಮಾಡಿದರು. 1963ರಲ್ಲಿ ಟೆರ್ರಿ ರೈಲಿ ಎರಡು ಟೇಪ್ ರೆಕಾರ್ಡರ್‌ಗಳ ನಡುವೆ ಒಂದೇ ಟೇಪನ್ನು ಎಳೆದು ಕಟ್ಟಿಸಿದರು: ಒಂದು ಮುದ್ರಿಸುತ್ತದೆ, ಇನ್ನೊಂದು ಸ್ವಲ್ಪ ತಡೆದು ಕೇಳಿಸುತ್ತದೆ. ಯಂತ್ರಗಳ ನಡುವಿನ ಅಂತರವೇ ಆವರ್ತನದ ಉದ್ದ. (ಇದೇ ರೈಲಿ 1970ರಲ್ಲಿ ಕಿರಾಣಾ ಘರಾನೆಯ ಪಂಡಿತ್ ಪ್ರಾಣನಾಥರ ಶಿಷ್ಯರಾದರು.) ಸ್ಟೀವ್ ರೈಕ್ 1965ರಲ್ಲಿ ಎರಡು ಲೂಪ್‌ಗಳು ನಿಧಾನವಾಗಿ ಒಂದರಿಂದೊಂದು ಜಾರುವುದನ್ನೇ ಕೃತಿಯಾಗಿಸಿದರು.

ಎಲ್ಲರಿಗೂ ಆ ಜಾರುವಿಕೆ ಬೇಕಿರಲಿಲ್ಲ. 1983ರಲ್ಲಿ ಬಂದ ಮಿಡಿ (MIDI) ಎಂಬ ಸಂಕೇತಪದ್ಧತಿ ಒಂದು ಬೀಟಿಗೆ 24 ಮಿಡಿತ ಕಳಿಸಿ ಯಂತ್ರಗಳನ್ನು ಜೋಡಿಸಿತು. ತೊಂಬತ್ತರ ದಶಕದಲ್ಲಿ ಮಥಿಯಾಸ್ ಗ್ರೋಬ್ ಕಲ್ಪನೆಯ ಎಕೋಪ್ಲೆಕ್ಸ್ ಡಿಜಿಟಲ್ ಪ್ರೊ ಎಂಬ ಲೂಪ್ ಯಂತ್ರ ಓವರ್‌ಡಬ್ (ಮೇಲೆ ಮುದ್ರಿಸುವುದು), ಅಂಡೂ (ಹಿಂದಿನದನ್ನು ರದ್ದು ಮಾಡುವುದು), ಮಲ್ಟಿಪ್ಲೈ (ಪಟ್ಟು ಹಿಗ್ಗಿಸುವುದು) ಮುಂತಾದವನ್ನು ಕಾಲಿನ ಗುಂಡಿಗೆ ತಂದಿತು. ನನ್ನ ಮಟ್ಟಿಗೆ ಮಲ್ಟಿಪ್ಲೈ ಇವುಗಳಲ್ಲಿ ದೊಡ್ಡದು. ಐದು ಅಕ್ಷರದ ಖಂಡಛಾಪನ್ನು ಒಮ್ಮೆ ಬಾರಿಸಿ, ಅದನ್ನು ನಾಲ್ಕು ಪಟ್ಟು ಹಿಗ್ಗಿಸಿ, ಮೇಲೆ ಇಪ್ಪತ್ತು ಅಕ್ಷರದ ರಾಗದೆಳೆ ಹಾಸಬಹುದು. ಎರಡೂ ಕೂಡಿ ಸಮಕ್ಕೆ ಬರುತ್ತವೆ.

ಇದೇ ಗುಣಗಳನ್ನು ಕಂಪ್ಯೂಟರಿಗೆ ತಂದವು ಜೆಫ್ ಲಾರ್ಸನ್ ಅವರ ಮೋಬಿಯಸ್ ಮತ್ತು ಜೆಸ್ಸಿ ಚಾಪೆಲ್ ಅವರ ಸೂಪರ್‌ಲೂಪರ್. 2001ರಲ್ಲಿ ಹೊರಬಂದ ಸಂಗೀತ ತಂತ್ರಾಂಶ ಏಬಲ್ಟನ್ ಲೈವ್ 2009ರ ಆವೃತ್ತಿಯಲ್ಲಿ ಲೂಪರನ್ನು ಸೇರಿಸಿಕೊಂಡಿತು. ನಮ್ಮವರಿಗೆ ನಾನು ಮೊದಲು ಹೇಳುವುದು ಸೂಪರ್‌ಲೂಪರನ್ನು. ಅದು ಮುಕ್ತ ತಂತ್ರಾಂಶ, ದುಡ್ಡು ಬೇಕಿಲ್ಲ. ಅದಕ್ಕಿಂತ ಹೆಚ್ಚಾಗಿ, ಒಂದು ಸುತ್ತಿಗೆ ಎಷ್ಟು ಎಣಿಕೆ ಎಂಬುದನ್ನು ಬಳಸುವವರೇ ಹೇಳಬಹುದು. ಏಳು ಎಂದರೆ ಮಿಶ್ರಛಾಪು. ಹೊರಗಿನ ಎಣಿಕೆಗೆ ಜೋಡಿಸಿ (ಸಿಂಕ್) ಕ್ವಾಂಟೈಸ್ ಹಾಕಿದರೆ, ಗುಂಡಿಯನ್ನು ತುಸು ಆಚೀಚೆ ಒತ್ತಿದರೂ ಮುದ್ರಣ ತೊಡಗುವುದು, ನಿಲ್ಲುವುದು ಎಣಿಕೆಯ ಮೇಲೆಯೇ.

ಆದರೆ ತಡ ಎಲ್ಲಿಗೂ ಹೋಗುವುದಿಲ್ಲ. ಕಂಪ್ಯೂಟರ್ ಶಬ್ದವನ್ನು ತುಂಡುತುಂಡಾಗಿ ಎತ್ತಿಕೊಳ್ಳುತ್ತದೆ. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ 256 ಮಾದರಿಯ ಒಂದು ತುಂಡಿಗೆ 5.8 ಮಿಲಿಸೆಕೆಂಡು. ಅದು ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ. ಜೊತೆಗೆ ಎರಡು ಯಂತ್ರಗಳ ಗಡಿಯಾರಗಳು ಎಂದೂ ಪೂರ್ತಿ ಒಂದಾಗಿರುವುದಿಲ್ಲ. ಹತ್ತು ಲಕ್ಷದಲ್ಲಿ 50 ಪಾಲಿನ ವ್ಯತ್ಯಾಸವಿದ್ದರೂ ಗಂಟೆಗೆ 180 ಮಿಲಿಸೆಕೆಂಡು ಜಾರುತ್ತದೆ. ರಾತ್ರಿಯಿಡೀ ನಡೆಯುವ ಭಜನೆಯಲ್ಲಿ ಇದು ಸಣ್ಣ ಮಾತಲ್ಲ. ಯಂತ್ರಗಳ ಲಯವನ್ನು ಜಾಲದ ಮೂಲಕ ಹೊಂದಿಸುವ 2016ರ ಏಬಲ್ಟನ್ ಲಿಂಕ್ ಇಲ್ಲಿ ನಿಜವಾದ ಹೆಜ್ಜೆ ಇಟ್ಟಿತು. ಇದರಲ್ಲಿ ಯಜಮಾನ ಯಂತ್ರವಿಲ್ಲ. ಒಂದೇ ವೈಫೈಯಲ್ಲಿರುವ ಯಾರಾದರೂ ವೇಗ ಬದಲಿಸಬಹುದು, ಉಳಿದವರ ಯಂತ್ರಗಳು ಹೊಂದಿಕೊಳ್ಳುತ್ತವೆ. ಇಂಟರ್ನೆಟ್ ಬೇಡ, ಮೊಬೈಲಿನ ಹಾಟ್‌ಸ್ಪಾಟ್ ಸಾಕು. ಸಿಗ್ನಲ್ ಸಿಗದ ಮಲೆನಾಡಿನ ಊರಿಗೆ ಇದು ದೊಡ್ಡ ಅನುಕೂಲ.

ಕರ್ನಾಟಕಕ್ಕೆ ಈ ಕ್ಷೇತ್ರದಲ್ಲಿ ತನ್ನದೇ ದಾರಿಯೂ ಇದೆ. ಎಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ಬೆಂಗಳೂರಿನಲ್ಲಿ ಕಟ್ಟಿದ ರಾಡೆಲ್ ಸಂಸ್ಥೆ ಎಲೆಕ್ಟ್ರಾನಿಕ್ ತಂಬೂರಿ, ತಾಳಮಾಲಾ, ಲೆಹರಾ ನುಡಿಸುವ ಸುನಾದಮಾಲಾಗಳನ್ನು ಮನೆಮನೆಗೆ ಮುಟ್ಟಿಸಿತು. ತಬಲಾ ಸೋಲೋಗೆ ಒಂದೇ ಸಾಲನ್ನು ಮತ್ತೆಮತ್ತೆ ನುಡಿಸುವ ಲೆಹರಾ ಲೂಪೇ ತಾನೆ! ಆದರೆ ಇಲ್ಲಿ ಯಂತ್ರ ಮುಂದೆ, ವಾದಕ ಹಿಂದೆ. ಹಾರ್ಮೋನಿಯಂ ಹಿಡಿದ ಮನುಷ್ಯ ತಬಲಾದವನ ಮುಖ ನೋಡಿ ಲಯ ಏರಿಸಿದಂತೆ ಈ ಯಂತ್ರ ತಾನಾಗಿ ಏರಿಸಲಾರದು.

ಡೊಳ್ಳಿಗೆ ಬೇಕಾದದ್ದು ಆ ಏರುವಿಕೆಯೇ. ನಿಧಾನವಾಗಿ ತೊಡಗಿ ಬಿರುಸಾಗುವ ಕುಣಿತಕ್ಕೆ, ಮೊದಲೇ ಅಳತೆ ಕಟ್ಟಿದ ಲೂಪ್ ಅಡ್ಡಗಾಲು. ಮುದ್ರಿತ ಶಬ್ದವನ್ನು ಹಿಗ್ಗಿಸಿ ಕುಗ್ಗಿಸುವ ವಿಧಾನ ಈಗ ಸೂಪರ್‌ಲೂಪರಿನಲ್ಲೂ ಇದೆ. ರಾಗಕ್ಕೆ ಅದು ಒಗ್ಗುತ್ತದೆ, ಚರ್ಮದ ಪೆಟ್ಟಿನ ಮೊನೆಯನ್ನು ಮಾತ್ರ ಮೊಂಡಾಗಿಸುತ್ತದೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ಆಂಡ್ರ್ಯೂ ರಾಬರ್ಟ್‌ಸನ್ ಮತ್ತು ಮಾರ್ಕ್ ಪ್ಲಂಬ್ಲಿ 2007ರಲ್ಲಿ ಮಂಡಿಸಿದ ಬಿ-ಕೀಪರ್ ಎಂಬ ತಂತ್ರಾಂಶ ತದ್ವಿರುದ್ಧವಾಗಿ ಯೋಚಿಸಿತು: ಡ್ರಮ್ಮಿನ ಮೈಕಿನಿಂದ ಪೆಟ್ಟುಗಳನ್ನು ಕೇಳಿ, ವಾದಕನ ವೇಗಕ್ಕೆ ತಕ್ಕಂತೆ ತಂತ್ರಾಂಶದ ವೇಗವನ್ನು ತಿದ್ದುತ್ತದೆ. ಅದನ್ನು ರೂಪಿಸಿದ್ದು ಪಾಶ್ಚಾತ್ಯ ಡ್ರಮ್ಮಿನ ಪೆಟ್ಟುಗಳಿಗಾಗಿ. ಡೊಳ್ಳಿನಲ್ಲಿ ಒಂದು ಬದಿಗೆ ಕೋಲು, ಇನ್ನೊಂದಕ್ಕೆ ಕೈ. ಕೋಲಿನ ಬದಿಗೊಂದು ಸಂಪರ್ಕ ಮೈಕು ಅಂಟಿಸಿ, ತಾಳದ ಎಣಿಕೆಯನ್ನು ಮೊದಲೇ ತಿಳಿಸಿ, ಲೂಪ್ ಆ ಕೋಲನ್ನೇ ಹಿಂಬಾಲಿಸುವಂತೆ ಬರೆಯಬೇಕು. ಇದಕ್ಕೆ ಬೇಕಾದ ಲಿಂಕ್, ಸೂಪರ್‌ಲೂಪರ್ ಎರಡರ ಮೂಲಸಂಕೇತವೂ ತೆರೆದೇ ಇದೆ. ಬರೆಯುವವರು ಲ್ಯಾಪ್‌ಟಾಪ್ ತೆರೆಯುವ ಮೊದಲು ಡೊಳ್ಳಿನವರ ಜೊತೆ ಒಂದು ಜಾತ್ರೆಯುದ್ದಕ್ಕೂ ನಡೆಯಬೇಕು.